ಒಂದು ಸುಳ್ಳಿಗೆ ಮಾತ್ರ ಜಾಗ

ತೂಕ ಕಳೆದುಕೊಳ್ಳುವ ಲೋಹವನ್ನು ಅನ್ನಪೂರ್ಣಮ್ಮನವರು ಚಕಾರವೆತ್ತದೆ ಒಪ್ಪಿಕೊಂಡರು. ಒಪ್ಪದೆ ಹೋದದ್ದು ಬಕೆಟ್ಟನ್ನು. ಪೋಸ್ಟ್‌ಕಾರ್ಡಿನಲ್ಲಿ ಬರೆದದ್ದು ಇಷ್ಟೇ: "ಕತೆ ಓದಿದೆ. ಲೋಹ ಇರಲಿ. ಬಕೆಟ್ ಬಗ್ಗೆ ಮಾತಾಡಬೇಕು. ಭಾನುವಾರ ಬೆಳಿಗ್ಗೆ ಮನೆಗೆ ಬಾ." ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಆರೇಳು ಗಂಟೆಯ ಹಾದಿ. ಒಂದು ಬಕೆಟ್ಟಿಗಾಗಿ ಅಷ್ಟು ದೂರದಿಂದ ಮನುಷ್ಯನನ್ನು ಕರೆಸುವ ಸಂಪಾದಕಿ ಇಡೀ ಆಂಧ್ರದಲ್ಲಿ ಇನ್ನೊಬ್ಬರು ಇರಲಾರರು ಎಂದು ಗೊಣಗಿಕೊಂಡೇ ಟಿಕೆಟ್ ತೆಗೆಸಿದೆ.

ಅನ್ನಪೂರ್ಣಮ್ಮನವರು ಚಿತ್ರದುರ್ಗದವರು. ತೆಲುಗು ಮನೆಗೆ ಸೊಸೆಯಾಗಿ ಬಂದು, ವಿಜಯವಾಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಆ ಊರಿನ ಕನ್ನಡಿಗರು ರಾಜ್ಯೋತ್ಸವವನ್ನು ನವೆಂಬರ್ ಒಂದಕ್ಕೆ ಮಾಡಿದವರಲ್ಲ, ಸಭಾಂಗಣ ಸಿಕ್ಕ ದಿನವೇ ಅವರಿಗೆ ರಾಜ್ಯೋತ್ಸವ. ಆ ದಿನಕ್ಕೆಂದು ತಾವೇ ಸಂಪಾದಿಸಿ ಹೊರತರುವ ಕನ್ನಡ ಸಂಚಿಕೆಯಲ್ಲಿ ಒಂದು ವಿಜ್ಞಾನ ಕತೆ ಇರಲೇಬೇಕು ಎಂಬುದು ಅನ್ನಪೂರ್ಣಮ್ಮನವರ ಹಟ. ಎರಡು ವರ್ಷದ ಹಿಂದೆ ನಾನು ಚಂದ್ರನ ಮೇಲೆ ಒಂದು ಊರು ಕಟ್ಟಿ, ಅಲ್ಲಿಯ ಗುಡಿಯ ಗಂಟೆ ಬಯಲಲ್ಲಿ ನಡೆಯುತ್ತಿದ್ದವನಿಗೆ ಕೇಳಿಸಿತು ಎಂದು ಬರೆದು ಕಳಿಸಿದ್ದೆ. "ಊರು ಕಟ್ಟಿದ್ದು ಸರಿ. ಗಾಳಿಯೇ ಇಲ್ಲದ ಕಡೆ ಗಂಟೆ ಶಬ್ದ ಯಾವುದರ ಮೇಲೆ ಕೂತು ಬಂತು?" ಎಂದು ಬರೆದು ಕತೆಯನ್ನು ವಾಪಸ್ ಕಳಿಸಿದ್ದರು. ಮುಂದೆ ಫೋನಿನಲ್ಲಿ ತಮ್ಮ ಕಾನೂನು ಹೇಳಿದರು.

"ನೋಡಪ್ಪಾ ಓಂಕಾರ, ಒಂದು ಸುಳ್ಳಿಗೆ ಮಾತ್ರ ಜಾಗ. ಎಷ್ಟು ದೊಡ್ಡದಾದ್ರೂ ಹೇಳು, ನಾ ಬೇಡ ಅನ್ನಲ್ಲ. ಆಮೇಲೆ ಮಾತ್ರ ನೀರು ನೀರಿನಂಗೇ ಇರ್ಬೇಕು, ಬೆಂಕಿ ಬೆಂಕಿಯಂಗೇ ಇರ್ಬೇಕು. ಆ ಸುಳ್ಳು ನಿಜ ಆಗಿದ್ರೆ ಇನ್ನೇನೇನು ಆಗ್ತಿತ್ತೋ ಅದೆಲ್ಲಾ ಕತೆಯಾಗೆ ಆಗ್ಬೇಕು. ಆಗ್ಲಿಲ್ವೋ, ಅದು ವಿಜ್ಞಾನ ಕತೆ ಅಲ್ಲ, ಬರೀ ಸುಳ್ಳು."

ಹೌದು, ನಾನು ಓಂಕಾರಪ್ಪ, ಹೊಳಲ್ಕೆರೆಯವನು. ಆಗ, ಅಂದರೆ ೨೦೦೬ರಲ್ಲಿ, ವಿಶಾಖಪಟ್ಟಣ ಬಂದರಿನಲ್ಲಿ ಒಂದು ಖಾಸಗಿ ಸರ್ವೆ ಕಂಪನಿಯ ಪರವಾಗಿ ಹಡಗು ತೂಗುತ್ತಿದ್ದೆ. ಹಾಗೆಂದರೆ ನಮ್ಮೂರಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಕೆಲಸ ಸರಳವೇ. ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ ಅಂಕಿಗಳನ್ನು ಬರೆದಿರುತ್ತಾರೆ. ನೀರು ಯಾವ ಅಂಕಿಯವರೆಗೆ ಬಂದಿದೆ ಎಂದು ಸರಕು ತುಂಬುವ ಮುಂಚೆ ಒಮ್ಮೆ, ತುಂಬಿದ ಮೇಲೆ ಒಮ್ಮೆ ನೋಡಬೇಕು. ಹಡಗು ಎಷ್ಟು ಮುಳುಗಿತು ಎಂಬುದರ ಮೇಲೆ ಒಳಗೆ ಎಷ್ಟು ಟನ್ ಬಿತ್ತು ಎಂದು ಹೇಳಬಹುದು. ತೊಡಕು ಒಂದೇ. ಉಪ್ಪುನೀರು ಭಾರ, ಅದು ಹಡಗನ್ನು ಹೆಚ್ಚು ಎತ್ತಿಹಿಡಿಯುತ್ತದೆ. ಸಿಹಿನೀರು ಹಗುರ, ಅದರಲ್ಲಿ ಅದೇ ಹಡಗು ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಬಂದರಿನ ನೀರನ್ನು ತೆಗೆದು, ಅದರಲ್ಲಿ ಗಾಜಿನ ಹೈಡ್ರೋಮೀಟರ್ ತೇಲಿಬಿಟ್ಟು, ಒಂದು ಲೀಟರ್ ನೀರು ಎಷ್ಟು ಗ್ರಾಂ ತೂಗುತ್ತದೆ ಎಂದು ಬರೆದುಕೊಳ್ಳಬೇಕು.

ಆ ವರ್ಷದ ಅಕ್ಟೋಬರ್ ಕೊನೆಯ ವಾರ ಕಬ್ಬಿಣದ ಅದಿರು ಒಯ್ಯಲು ಒಂದು ಹಡಗು ಬಂದಿತ್ತು. ಖಾಲಿ ಹಡಗನ್ನು ಅಳೆದ ದಿನ ಬಿಸಿಲಿತ್ತು. ನೀರು ಲೀಟರಿಗೆ ಸಾವಿರದ ಇಪ್ಪತ್ತೆರಡು ಗ್ರಾಂ ತೂಗಿತು. ಅದಿರು ತುಂಬಿ ಮುಗಿಯುತ್ತಲೇ ಮಳೆ ಹಿಡಿಯಿತು. ಎರಡು ದಿನ ಹೊರಗೆ ಸಮುದ್ರ ಕೆರಳಿ, ಹಡಗು ನಿಂತಲ್ಲೇ ನಿಂತಿತು. ಅಂಕಿ ಕಣ್ಣಿಗೆ ಕಾಣದಷ್ಟು ಮಳೆ. ಮೂರನೆಯ ದಿನ ಬೆಳಿಗ್ಗೆ ತುಸು ಬಿಟ್ಟಾಗ ನಾನು ಓಡಿಹೋಗಿ ಅಳತೆ ತೆಗೆದುಕೊಂಡೆ. ಈ ಸಲ ನೀರು ಸಾವಿರದ ಹತ್ತು ಗ್ರಾಂ. ಇಷ್ಟು ಮಳೆ ಸುರಿದು, ಅಲ್ಲಿಯವರು ಗೆಡ್ಡ ಎನ್ನುವ ಹಳ್ಳದ ಕೆಂಪು ನೀರೆಲ್ಲ ಬಂದರಿಗೆ ಇಳಿದ ಮೇಲೆ ನೀರು ಹಗುರಾಗದೆ ಇರುತ್ತದೆಯೇ ಎಂದು ಬರೆದುಕೊಂಡೆ. ಹಡಗಿನ ಮುಖ್ಯ ಅಧಿಕಾರಿ ಹೊರಡುವ ಆತುರದಲ್ಲಿದ್ದ, ಕಣ್ಣಾಡಿಸಿ ಸಹಿ ಹಾಕಿದ.

ಆಫೀಸಿಗೆ ಬಂದು ಲೆಕ್ಕ ಹಾಕಿದರೆ ಹಡಗಿನೊಳಗೆ ಐನೂರ ಮೂರು ಟನ್ ಅದಿರು ಕಡಿಮೆ ಇತ್ತು. ದಡದ ಮೇಲೆ ಅದಿರನ್ನು ಹಡಗಿಗೆ ಸಾಗಿಸುವ ಬೆಲ್ಟಿನ ತೂಕದ ಯಂತ್ರ ಮೂವತ್ತೆರಡು ಸಾವಿರ ಟನ್ ಹೋಗಿದೆ ಎಂದು ತೋರಿಸಿತ್ತು. ಐನೂರು ಟನ್ ಎಂದರೆ ಐವತ್ತು ಲಾರಿ. ಅದು ಜೇಬಿನಿಂದ ಜಾರಿಬಿದ್ದ ಬೀಗದ ಕೈಯಲ್ಲ.

ಬೆಲ್ಟಿನ ಯಂತ್ರ ನೋಡಿಕೊಳ್ಳುತ್ತಿದ್ದವರು ಜಗನ್ಮೋಹನ್ ಗಾರು. ನಾನು ತೆಲುಗು ಬಾರದೆ ಪೆದ್ದನಂತೆ ಆ ಬಂದರಿಗೆ ಬಂದಿಳಿದಾಗ ನನಗೆ ಅಲ್ಲಿಯ ಒಂದೊಂದು ಜೆಟ್ಟಿಯನ್ನೂ ಕೈಹಿಡಿದು ತೋರಿಸಿದವರು. ಅವರ ಹೆಂಡತಿ ಭ್ರಮರಾಂಬ ವಾರಕ್ಕೊಮ್ಮೆ ಅವರ ಕೈಲಿ ನನಗೆ ಸ್ಟೀಲ್ ಕ್ಯಾರಿಯರ್ ಕಳಿಸುತ್ತಿದ್ದರು: ಪುಳಿಹೋರ, ಗೊಂಗೂರ ಪಚ್ಚಡಿ, ಗಟ್ಟಿ ಮೊಸರು. ನಾನು ಮರುದಿನವೇ ತೊಳೆದು ವಾಪಸ್ ಕೊಡುತ್ತಿದ್ದೆ. ಈಗ ಅವರ ಗುತ್ತಿಗೆದಾರ ಕಂಪನಿ ಹೇಳತೊಡಗಿತು: ಖಾಲಿ ಬೆಲ್ಟ್ ಓಡಿಸಿ ಅಂಕಿ ಏರಿಸಿದ್ದಾನೆ, ಅದಿರು ಲಾರಿಯಲ್ಲಿ ಹೊರಗೆ ಹೋಗಿದೆ. ಅಂಗಳದ ರಾಶಿಯನ್ನು ಅಳೆಯೋಣವೆಂದರೆ ಅದು ಮಳೆಗೆ ಕುಸಿದು ಪಕ್ಕದ ರಾಶಿಗೆ ಸೇರಿಹೋಗಿತ್ತು. ಹಡಗು ಹೊರದೇಶ ಮುಟ್ಟಿ ಅದಿರು ಇಳಿಸುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅವರನ್ನು ಕೆಲಸದಿಂದ ದೂರವಿಟ್ಟರು. ವಿಚಾರಣೆ ಇಪ್ಪತ್ತನೇ ತಾರೀಖು ಸೋಮವಾರ ಹನ್ನೊಂದು ಗಂಟೆಗೆ. ಅಲ್ಲಿ ಮೇಜಿನ ಮೇಲಿರುವ ಸಾಕ್ಷಿ ಒಂದೇ, ನನ್ನ ಕಾಗದ.

ನನಗೆ ತಲೆ ಚಿಟ್ಟುಹಿಡಿಯಿತು. ಇಪ್ಪತ್ತಾರು ವರ್ಷ ಒಂದು ಕಡ್ಡಿಯನ್ನೂ ಮುಟ್ಟದ ಮನುಷ್ಯ ಐವತ್ತು ಲಾರಿ ಸಾಗಿಸಿದರೇ? ಇಲ್ಲವೆಂದರೆ ಅದಿರು ಎಲ್ಲಿ? ಲೆಕ್ಕವನ್ನು ಒಂಬತ್ತು ಸಲ ಹಾಕಿದೆ, ಒಂಬತ್ತು ಸಲವೂ ಐನೂರ ಮೂರು. ಲೆಕ್ಕ ನಂಬಿದರೆ ಮನುಷ್ಯ ಕಳ್ಳ, ಮನುಷ್ಯನನ್ನು ನಂಬಿದರೆ ನಾನು ಮೂರ್ಖ. ನನಗೆ ಎರಡೂ ಬೇಡವಾಗಿತ್ತು. ಅವರ ಮನೆ ಕಂಚರಪಾಲೆಂನಲ್ಲಿ, ನನ್ನ ಕೋಣೆಯಿಂದ ಹತ್ತು ನಿಮಿಷದ ನಡಿಗೆ. ಆ ದಾರಿಯನ್ನೇ ಬಿಟ್ಟು ಸುತ್ತುಹಾಕಿ ಓಡಾಡತೊಡಗಿದೆ. ತೊಳೆದಿಟ್ಟ ಕ್ಯಾರಿಯರ್ ಕೋಣೆಯ ಮೊಳೆಗೆ ನೇತಾಡುತ್ತಲೇ ಇತ್ತು.

ಆಗ ಬರೆದದ್ದು ಆ ಕತೆ. ನಮ್ಮ ಬಂದರಿನಂಥದ್ದೇ ಒಂದು ಬಂದರು, ಅಂಥದ್ದೇ ಹಡಗು. ಅದಿರಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಲೋಹ, ಒದ್ದೆಯಾದರೆ ಅದರ ತೂಕ ಕರಗುತ್ತದೆ. ಸರಕು ಕಡಿಮೆಯಾಗುತ್ತದೆ, ಆದರೆ ಯಾರೂ ಕದ್ದಿರುವುದಿಲ್ಲ. ಇದು ನನ್ನ ಒಂದು ಸುಳ್ಳು. ಉಳಿದದ್ದೆಲ್ಲ ನಿಜವಿರಬೇಕಲ್ಲ, ನನ್ನ ನೋಟ್‌ಬುಕ್ಕಿನಿಂದಲೇ ಮಳೆ, ಅಂಕಿ, ನೀರಿನ ತೂಕ, ಬಕೆಟ್ಟು ಎಲ್ಲವನ್ನೂ ಇದ್ದದ್ದು ಇದ್ದಂತೆ ಎತ್ತಿ ಬರೆದೆ. ಒಂದೇ ದಿನದಲ್ಲಿ ಮುಗಿಯಿತು. ಬರೆದು ಮುಗಿಸಿದಾಗ ಎದೆ ಹಗುರಾಯಿತೆಂದು ಅನ್ನಿಸಿದ್ದು ಸುಳ್ಳಲ್ಲ.

ಪಟಮಟದಲ್ಲಿ ಅನ್ನಪೂರ್ಣಮ್ಮನವರ ಮನೆ ಎರಡನೆಯ ಮಹಡಿಯಲ್ಲಿ. ಕೆಳಗೆ ಸಿಟಿ ಬಸ್ಸಿನ ಹಾರನ್ನು, ಮೇಲೆ ಊಟದ ಮೇಜಿನ ತುಂಬ ಸಂಚಿಕೆಯ ಪ್ರೂಫು. ಬಾಗಿಲು ತೆಗೆದವರೇ ಕಾಫಿ ಕೈಗಿಟ್ಟು, ನನ್ನ ಹಸ್ತಪ್ರತಿಯನ್ನು ಮುಂದೆ ತಳ್ಳಿದರು. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು.

"ಗವರ್ನರ್‌ಪೇಟೆ ಪ್ರೆಸ್ಸಿನವರು ನಿನ್ನ ಕತೆಗೇಂತ ನಾಲ್ಕು ಪುಟ ಖಾಲಿ ಬಿಟ್ಟು ಕೂತಾರೆ. ಬೇಗ ಹೇಳು. ಒದ್ದೆ ಆದ ಅದಿರಿನ ತೂಕ ಕರಗ್ತು ಅಂತೀಯ. ಹೌದಾ?"

"ಹೌದು ಮೇಡಂ."

"ತೂಕ ಕಡಿಮೆ ಆದ್ರೆ ಹಡಗು ಏನಾಗ್ಬೇಕು?"

"ಮೇಲೇಳಬೇಕು."

"ಎದ್ದಿತಾ?"

ನಾನು ಕತೆಯನ್ನು ತಿರುವಿ ನೋಡಿದೆ. ಅಧಿಕಾರಿ ತುಂಬು ಸರಕಿಗೆ ಎಷ್ಟು ಮುಳುಗಬೇಕು ಎಂದು ಮೊದಲೇ ಯೋಜನೆ ಹಾಕಿದ್ದನೋ ಹಡಗು ಅಷ್ಟೇ ಮುಳುಗಿತ್ತು, ಸರಿಯಾಗಿ ಹತ್ತು ಮೀಟರ್. ಮಳೆಯ ಮುಂಚೆ ಬಂದರಿನಲ್ಲಿ ಇದ್ದ ನೀರಿಗೆ ಹಾಕಿದ ಯೋಜನೆ ಅದು. ಅವನು ಆ ಅಂಕಿ ನೋಡಿ ಖುಷಿಯಿಂದ ನನ್ನ ಬೆನ್ನು ತಟ್ಟಿದ್ದನ್ನೂ ಬರೆದಿದ್ದೆ.

"ಇಲ್ಲ," ಎಂದೆ. "ಏಳಲಿಲ್ಲ. ಆದರೆ ನೀರು ಹಗುರಾಗಿತ್ತಲ್ಲ ಮೇಡಂ, ಅದಕ್ಕೇ—"

"ಸರಿ, ಲೋಹ ಪಕ್ಕಕ್ಕಿಡು. ಮಾಮೂಲು ಅದಿರೇ ಅನ್ಕೋ, ತುಂಬು ಸರಕು. ನೀರು ಅಷ್ಟು ಹಗುರಾದ್ರೆ?"

"ಇನ್ನೂ ಅರ್ಧ ಗೇಣು ಮುಳುಗಬೇಕು."

"ಮುಳುಗಿತಾ?"

"ಇಲ್ಲ."

"ಮುಳುಗ್ಲೂ ಇಲ್ಲ, ಏಳ್ಲೂ ಇಲ್ಲ. ಮಳೆಗೆ ಮುಂಚೆ ಲೆಕ್ಕ ಹಾಕಿದ ಜಾಗದಾಗೇ ಗಟ್ಟಿಯಾಗಿ ಕೂತೈತಿ. ಹಡಗಿಗೇ ಗೊತ್ತಿಲ್ದಿರೋ ಕೊರತೆ ನಿನ್ನ ಕಾಗದಕ್ಕೆ ಹೆಂಗಪ್ಪಾ ಗೊತ್ತಾತು?"

 ಅವರು ಹೇಳುತ್ತಿರುವುದು ಕತೆಯ ಹಡಗಿನ ಬಗ್ಗೆಯೋ ನಿಜದ ಹಡಗಿನ ಬಗ್ಗೆಯೋ ಎಂಬುದೇ ಕಲಸುಮೇಲೋಗರವಾಗಿ, ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕುಳಿತೆ. ಕೊನೆಗೆ ಕೊರತೆ ಬಂದದ್ದು ನೀರಿನ ತೂಕದಿಂದ, ಸಾವಿರದ ಹತ್ತು ಎಂದು ಬರೆದದ್ದರಿಂದ, ಎಂದೆ.

"ಬಂದ್ಯಲ್ಲ ದಾರಿಗೆ. ಆ ನೀರು ಎಲ್ಲಿಂದ ತೆಗ್ದೆ?"

"ಬಕೆಟ್ ಬಿಟ್ಟು, ಹಡಗಿನ ಪಕ್ಕದಿಂದ."

"ಎಷ್ಟು ಆಳದಿಂದ?"

 ನೀರು ತೆಗೆಯಲು ನಮ್ಮಲ್ಲಿ ಬೇರೆಯೇ ಡಬ್ಬಿಯಿದೆ. ತಳದಲ್ಲಿ ಸೀಸದ ಭಾರ, ಬಾಯಿಗೆ ಬಿರಡೆ, ಬಿರಡೆಗೊಂದು ದಾರ. ಹಡಗಿನ ಅರ್ಧ ಆಳದವರೆಗೆ ಇಳಿಸಿ, ದಾರ ಜಗ್ಗಿ ಅಲ್ಲಿ ಬಿರಡೆ ಬಿಚ್ಚಬೇಕು. ಆ ದಿನ ಮಳೆಗೆ ನೆಂದು ದಾರ ಕಿತ್ತುಬಂದಿತ್ತು. ಹೊಸ ದಾರ ಕಟ್ಟಲು ಹತ್ತು ನಿಮಿಷ ಬೇಕಿತ್ತು. ಅಧಿಕಾರಿ ಗಡಿಯಾರ ನೋಡುತ್ತಿದ್ದ. ಜೆಟ್ಟಿಯ ಮೇಲೆ ಒಂದು ಬಕೆಟ್ ಕಂಡಿತು, ಹಗ್ಗವೂ ಕಟ್ಟಿತ್ತು.

ಅನ್ನಪೂರ್ಣಮ್ಮನವರು ಅಡುಗೆಮನೆಗೆ ಹೋಗಿ ಒಂದು ಗಾಜಿನ ಲೋಟದಲ್ಲಿ ಅರ್ಧ ನೀರು ತಂದು, ಮೂರು ಚಮಚ ಉಪ್ಪು ಸುರಿದು ಕದಡಿದರು. ಇನ್ನೊಂದು ಲೋಟದ ನೀರಿಗೆ ಚಿಟಿಕೆ ಅರಿಶಿನ ಹಾಕಿ, ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಇಳಿಬಿಟ್ಟರು. ಹಳದಿ ನೀರು ಮೇಲೇ ನಿಂತಿತು, ಕೆಳಗಿನದು ತಿಳಿಯಾಗಿಯೇ ಉಳಿಯಿತು. ಒಂದು ಆಲೂಗೆಡ್ಡೆ ಚೂರನ್ನು ಹಾಕಿದರು. ಅದು ಹಳದಿಯಲ್ಲಿ ಇಳಿದು, ಉಪ್ಪುನೀರು ಮುಟ್ಟಿದಲ್ಲೇ ನಡುವೆ ನಿಂತುಬಿಟ್ಟಿತು.

"ಮಳೆ ನೀರು, ಹೊಳೆ ನೀರು ಮೇಲೆ ಒಂದು ಪದರ. ಹಡಗು ನಿಂತಿರೋದು ಕೆಳಗಿನ ಉಪ್ಪುನೀರಾಗೆ. ಹತ್ತು ಮೀಟರ್ ಹಡಗಿಗೆ ಮೇಲಿನ ಒಂದು ಮೊಳ ಯಾವ ಲೆಕ್ಕ? ನೀನು ಆ ಒಂದು ಮೊಳ ಮೊಗೆದು ಸಮುದ್ರಾನೇ ಅಳೆದೆ ಅನ್ಕೊಂಡೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ನೋಡೀನಿ ಓಂಕಾರ. ಕಟ್ಟಿ ಬರ್ದದ್ದು ಯಾವುದು, ಕಂಡು ಬರ್ದದ್ದು ಯಾವುದು ಅಂತ ತಿಳೀತೈತಿ. ಲೋಹ ನೀ ಕಟ್ಟಿದ್ದು. ಬಕೆಟ್ ಕಂಡಿದ್ದು. ಇದನ್ನ ಯಾರನ್ನ ಉಳಿಸಾಕೆ ಬರ್ದೆ?"

ಹೇಳಿದೆ. ಜಗನ್ಮೋಹನ್ ಗಾರು, ಬೆಲ್ಟು, ಸೋಮವಾರದ ವಿಚಾರಣೆ, ಎಲ್ಲವನ್ನೂ ಹೇಳಿದೆ. ಅವರು ಪ್ರೂಫಿನ ಹಿಂಬದಿಯ ಹಾಳೆ ಮತ್ತು ಪೆನ್ಸಿಲ್ ನನ್ನ ಕಡೆ ಸರಿಸಿದರು. ಮಳೆಗೆ ಮುಂಚೆ ಡಬ್ಬಿಯಿಂದ ತೆಗೆದ ನೀರಿನ ತೂಕ, ಸಾವಿರದ ಇಪ್ಪತ್ತೆರಡನ್ನೇ ಹಾಕಿ ಲೆಕ್ಕವನ್ನು ಹತ್ತನೆಯ ಸಲ ಮಾಡಿದೆ. ಐನೂರ ಮೂರು ಟನ್ ಕೊರತೆ ಹನ್ನೊಂದಕ್ಕೆ ಇಳಿಯಿತು. ಮೂವತ್ತೆರಡು ಸಾವಿರದಲ್ಲಿ ಹನ್ನೊಂದು ಟನ್ ನಮ್ಮ ಕೆಲಸದಲ್ಲಿ ಏನೇನೂ ಅಲ್ಲ, ಕಣ್ಣಳತೆಯಲ್ಲೇ ಅಷ್ಟು ಹೆಚ್ಚುಕಡಿಮೆಯಾಗುತ್ತದೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಲೋಟ ಕೆಳಗಿಟ್ಟೆ. ಅದಿರನ್ನು ಯಾರೂ ಕದ್ದಿರಲಿಲ್ಲ. ಅದು ಈ ಹೊತ್ತಿನಲ್ಲೂ ಹಡಗಿನೊಳಗೇ ಕೂತು ಸಮುದ್ರದ ಮೇಲೆ ಹೋಗುತ್ತಿತ್ತು. ಹತ್ತು ನಿಮಿಷ ಉಳಿಸಲು ಹೋಗಿ ಒಬ್ಬರ ಇಪ್ಪತ್ತಾರು ವರ್ಷದ ಹೆಸರಿಗೆ ಮಸಿ ಬಳಿದವನು ನಾನು.

"ಕತೆ ಏನು ಮಾಡ್ತೀರಿ ಮೇಡಂ?" ಎಂದು ಕೇಳಿದೆ. ಆ ಹೊತ್ತಿನಲ್ಲೂ ಅದನ್ನು ಕೇಳಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

"ಏನು ಮಾಡ್ಲಿ? ಬಕೆಟ್ ಹಂಗೇ ಬಿಟ್ರೆ ವಿಜ್ಞಾನ ಇಲ್ಲ. ಸರಿ ಮಾಡಿದ್ರೆ ಕತೇನೇ ಇಲ್ಲ," ಎಂದು ಹಸ್ತಪ್ರತಿಯನ್ನು ಮಡಚಿ ನನ್ನ ಜೋಳಿಗೆಗೆ ತುರುಕಿದರು. "ಮೊದ್ಲು ಊರಿಗೆ ಹೋಗು."

ಮಧ್ಯಾಹ್ನದ ರೈಲಿನಲ್ಲಿ ಕುಳಿತು ಕಂಪನಿಗೆ ಕಾಗದ ಬರೆದೆ. ದಾರ ಕಿತ್ತದ್ದು, ಬಕೆಟ್ ಬಿಟ್ಟದ್ದು, ಹೊಸ ಲೆಕ್ಕ, ಕೊನೆಗೆ ನನ್ನ ಸಹಿ. ಎರಡು ಪ್ರತಿ ಮಾಡಿದೆ. ನನ್ನ ಕೆಲಸ ಹೋಗಬಹುದು ಎಂಬುದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿದ್ದು ಕಂಚರಪಾಲೆಂನ ಆ ಬಾಗಿಲಿಗೆ. ಒಳಗೆ ಹೋಗಿ ಮೊದಲ ಮಾತು ಏನಾಡಬೇಕು ಎಂದು ರಾಜಮಂಡ್ರಿ ದಾಟಿ, ತುನಿ ದಾಟಿ, ಅನಕಾಪಲ್ಲಿ ಬಂದರೂ ಬಗೆಹರಿಯಲಿಲ್ಲ. ತಪ್ಪಾಯಿತು ಎನ್ನಲೇ? ಒಳ್ಳೆಯ ಸುದ್ದಿ ತಂದಿದ್ದೇನೆ ಎನ್ನಲೇ? ಎರಡೂ ನಿಜವೇ, ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಹೇಗೆ?

ರಾತ್ರಿ ಕೋಣೆಗೆ ಹೋಗಿ, ಮೊಳೆಯಿಂದ ಕ್ಯಾರಿಯರ್ ಇಳಿಸಿ, ಧೂಳಾಗಿದ್ದನ್ನು ಇನ್ನೊಮ್ಮೆ ತೊಳೆದು ಹಿಡಿದುಕೊಂಡು ಹೊರಟೆ. ಜಗನ್ಮೋಹನ್ ಗಾರು ಬನಿಯನ್ನಿನಲ್ಲೇ ವರಾಂಡದಲ್ಲಿ ಕುಳಿತಿದ್ದರು. ಹದಿನೇಳು ದಿನದಲ್ಲಿ ಗಡ್ಡ ಬೆಳೆದು ಬೆಳ್ಳಗಾಗಿತ್ತು. "ರಂಡಿ, ರಂಡಿ ಓಂಕಾರ್ ಗಾರು," ಎಂದು ತೆಲುಗಿನಲ್ಲಿ ಯಾವತ್ತಿನಂತೆ ಬರಮಾಡಿಕೊಂಡು, ಎದ್ದು ಕುರ್ಚಿ ಎಳೆದರು. ನಾನು ಕೂರದೆ ಕಾಗದ ಕೊಟ್ಟೆ. ಅವರು ದೀಪದ ಕೆಳಗೆ ಹಿಡಿದು ನಿಧಾನವಾಗಿ ಓದಿದರು. ಬಕೆಟ್ ಇದ್ದ ಸಾಲನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ಅದೇ ಜೆಟ್ಟಿಯ ಮೇಲೆ ದುಡಿದವರು, ಅವರಿಗೆ ಆಲೂಗೆಡ್ಡೆ ತೋರಿಸಬೇಕಾಗಿರಲಿಲ್ಲ.

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಭ್ರಮರಾಂಬ ಒಳಗಿನಿಂದ ಬಂದು ಬಾಗಿಲ ಬಳಿ ನಿಂತರು. ಜಗನ್ಮೋಹನ್ ಗಾರು ತೆಲುಗಿನಲ್ಲಿ, ಬಹಳ ಮೆಲ್ಲಗೆ ಕೇಳಿದರು:

"ನೀರಿನ ಮಾತು ಬಿಡಿ, ಯಾರಿಗಾದರೂ ಆಗೋ ತಪ್ಪು. ಒಂದು ಮಾತು ಕೇಳ್ತೀನಿ, ಹೇಳಿ. ನಾನು ಕದ್ದೆ ಅಂತ ನೀವು ನಂಬಿದಿರಾ?"

"ಇಲ್ಲ ಸಾರ್," ಎಂದೆ. ನಾಲಿಗೆ ನನಗಿಂತ ಮುಂದೆ ಓಡಿತ್ತು. "ಒಂದು ಗಳಿಗೆಯೂ ನಂಬಲಿಲ್ಲ."

ಅವರ ಮುಖ ತುಸು ಸಡಿಲವಾಯಿತು. ಭ್ರಮರಾಂಬ ನನ್ನ ಕೈಯಲ್ಲಿದ್ದ ಕ್ಯಾರಿಯರ್ ನೋಡಿದರು.

"ಯಾವಾಗಲೂ ಮರುದಿನವೇ ಬರ್ತಿತ್ತಲ್ಲ ಬಾಬು, ಇದು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಂತಿತ್ತು. "ನಂಬದೇ ಇದ್ದರೆ ಹದಿನೇಳು ದಿನ ಈ ಕಡೆ ಯಾಕೆ ಬರಲಿಲ್ಲ?"

 ಆ ಸುಳ್ಳು ನಿಜವಾಗಿದ್ದರೆ ಇನ್ನೇನೇನು ಆಗಬೇಕಿತ್ತು? ಮೊದಲ ದಿನವೇ ನಾನು ಈ ವರಾಂಡಕ್ಕೆ ಓಡಿ ಬರಬೇಕಿತ್ತು. ಮ್ಯಾನೇಜರ ಮುಂದೆ ಇವರ ಪರವಾಗಿ ಒಂದು ಮಾತು ಆಡಬೇಕಿತ್ತು. ಲೋಹ ಕಟ್ಟುವ ಬದಲು ಡಬ್ಬಿಯ ದಾರವನ್ನು ನೆನೆಯಬೇಕಿತ್ತು. ಅದರಲ್ಲಿ ಒಂದಾದರೂ ಆಗಿರಲಿಲ್ಲ.

"ನಂಬಿದ್ದೆ," ಎಂದೆ. "ಹದಿನೇಳು ದಿನವೂ ನಂಬಿದ್ದೆ."

ಜಗನ್ಮೋಹನ್ ಗಾರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು, ನಾಳೆ ಹತ್ತೂವರೆಗೆ ಗೇಟಿನ ಹತ್ತಿರ ಬನ್ನಿ, ಒಟ್ಟಿಗೆ ಒಳಗೆ ಹೋಗೋಣ ಎಂದರು. ಕೂರಿ ಎಂದು ಎರಡನೆಯ ಸಲ ಹೇಳಲಿಲ್ಲ. ಭ್ರಮರಾಂಬ ಬಂದು ನನ್ನ ಕೈಯಿಂದ ಕ್ಯಾರಿಯರ್ ತೆಗೆದುಕೊಂಡು ಒಳಗೆ ಹೋದರು. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ನಾನು ಎರಡು ಸಲ ತೊಳೆದು ತಂದಿದ್ದ ಆ ಪಾತ್ರೆಯನ್ನು ಆಕೆ ಮತ್ತೆ ತೊಳೆಯುತ್ತಿದ್ದರು.